ಬಿಸಿಯಿದ್ದ ಕಾಲಿಗೆ ಕೈ ಹಚ್ಚಿದ್ದು

ನನ್ನ ಎಡಗಾಲಿಗೆ ಪೋಲಿಯೊ ಬಡಿದಾಗ ನನಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಆಗ ನಾವು ಪುಣೆ ಹತ್ತಿರದ ದೇಹೂ ರೋಡಿನಲ್ಲಿದ್ದೆವು. ಅಪ್ಪ ಅಲ್ಲಿಯ ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತ. ಅವ್ವ ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದವಳು. ಮರಾಠಿ ಅರ್ಧಂಬರ್ಧ ತಿಳಿಯುತ್ತಿತ್ತು, ಮಾತಾಡಲು ನಾಚುತ್ತಿದ್ದಳು. ಮೂರು ದಿನದ ಜ್ವರ ಬಿಟ್ಟ ಬೆಳಿಗ್ಗೆ ನನ್ನನ್ನು ನೆಲದ ಮೇಲೆ ನಿಲ್ಲಿಸಿದರೆ ಎಡಗಾಲು ಹಿಂಡಿದ ಬಟ್ಟೆಯ ಹಾಗೆ ಮಡಚಿಕೊಂಡಿತಂತೆ. "ನಾಕ ಸಲ ನಿಲ್ಲಿಸಿದ್ನಿ. ಐದನೇ ಸಲ ನಿಲ್ಲಸಾಕ ಧೈರ್ಯ ಆಗಲಿಲ್ಲ" ಎಂದು ಅವ್ವ ಹೇಳುತ್ತಿದ್ದಳು.

ಪುಣೆಯಲ್ಲಿ ಪೋಲಿಯೊ ಮಕ್ಕಳಿಗೆಂದೇ ಒಂದು ಧರ್ಮಾರ್ಥ ಕೇಂದ್ರ ಇದೆ, ಅಲ್ಲಿ ಒಬ್ಬ ಬಿಳಿಯ ಹೆಂಗಸು ಬರಿಗೈಯಲ್ಲಿ ಕಾಲು ತಿಕ್ಕಿ ತಿಕ್ಕಿ ಮಕ್ಕಳನ್ನು ನಡೆಸುತ್ತಾಳೆ ಎಂದು ಅಪ್ಪನ ಕಚೇರಿಯವರೊಬ್ಬರು ಹೇಳಿದರು. ಅವ್ವ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಲೋಕಲ್ ಟ್ರೇನು ಹತ್ತಿದಳು. ಆ ದಿನದಿಂದ ಹನ್ನೆರಡು ವರ್ಷ, ವಾರಕ್ಕೆ ಮೂರು ದಿನ, ಅವ್ವ ಆ ಕೇಂದ್ರಕ್ಕೆ ಹೋಗುವುದನ್ನು ತಪ್ಪಿಸಲಿಲ್ಲ. ಕೊನೆಗೆ ಹತ್ತಿರವಾಗಲೆಂದು ಮನೆಯನ್ನೇ ಪುಣೆಯ ಬಿಬವೇವಾಡಿಗೆ ಬದಲಾಯಿಸಿದೆವು. ಅಪ್ಪ ಅಲ್ಲಿಂದ ದಿನಾ ದೇಹೂ ರೋಡಿಗೆ ಓಡಾಡಿದರು.

ಆ ಹೆಂಗಸು ಸ್ವೀಡನ್ ದೇಶದವರು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಕರೆಯುವ ಹಾಗೆ ಅವ್ವ ಅವರನ್ನು ಅಕ್ಕೋರು ಎಂದಳು. ಅದೇ ಹೆಸರು ನನಗೂ ನಿಂತಿತು. ನಾನು ಕಂಡಾಗಲೇ ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಎತ್ತರದ ಆಳು, ಮೊಣಕೈವರೆಗೆ ಮಡಚಿದ ಅಂಗಿಯ ತೋಳು, ಗಂಡಸರ ಕೈಯಷ್ಟು ಅಗಲದ ಅಂಗೈ. ಎಣ್ಣೆ ಹಚ್ಚುತ್ತಿರಲಿಲ್ಲ, ಮಕ್ಕಳ ಪೌಡರು ಉದುರಿಸಿಕೊಳ್ಳುತ್ತಿದ್ದರು. "ಎಣ್ಣಿ ಇಲ್ದ ಏನ ತಿಕ್ಕತಾರವಾ?" ಎಂದು ಅವ್ವನಿಗೆ ಮೊದಲ ದಿನ ಅನುಮಾನವೇ ಬಂದಿತ್ತು. ಅಕ್ಕೋರು ಅವಳ ಕೈ ಹಿಡಿದು ನನ್ನ ಮೊಣಕಾಲ ಕೆಳಗಿನ ಪಿಂಡರಿಯ ಮೇಲೆ ಇಟ್ಟರು, ಅದರ ಮೇಲೆ ತಮ್ಮ ಕೈ ಇಟ್ಟರು. ತಾಯಂದಿರಿಗೆ ಕಲಿಸದೆ ಮಕ್ಕಳನ್ನು ಮುಟ್ಟುವುದಿಲ್ಲ ಎಂಬುದು ಅವರ ಹಟವಾಗಿತ್ತು.

ಸವರುವುದು, ನಾದುವುದು, ಉಜ್ಜುವುದು, ಬಡಿಯುವುದು, ನಡುಗಿಸುವುದು. ಅವ್ವ ಅವರ ವಿದ್ಯೆಯನ್ನು ತನ್ನ ಈ ಐದು ಮಾತುಗಳಲ್ಲಿ ಇಟ್ಟುಕೊಂಡಳು. ಜೋಳದ ರೊಟ್ಟಿ ತಟ್ಟಿದ ಕೈಗೆ ಬಡಿಯುವುದು ಮೊದಲ ವಾರದಲ್ಲೇ ಬಂತು. ಅಕ್ಕೋರು ನಕ್ಕು, ಇದನ್ನು ನಾನು ಕಲಿಯಲು ಒಂದು ವರ್ಷ ತೆಗೆದುಕೊಂಡೆ ಎಂದರಂತೆ. ಆಮೇಲೆ ಕಾಲು ಎತ್ತಿಸುವುದು, ಮಡಚಿಸುವುದು, ಗೋಡೆಗೆ ಬಡಿದ ಮರದ ಏಣಿಯನ್ನು ಹಿಡಿದು ನಿಲ್ಲಿಸುವುದು. ಎಲ್ಲಕ್ಕೂ ಎಣಿಕೆ ಇತ್ತು, ಆ ಎಣಿಕೆ ಅವರ ಭಾಷೆಯಲ್ಲಿ. ಎತ್ತ್, ತ್ವೋ, ತ್ರೇ, ಫೀರ, ಫೆಮ್. ಅವ್ವನಿಗೆ ಇಂಗ್ಲಿಷಿನಲ್ಲಿ ಹತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ, ಸ್ವೀಡನ್ನಿನ ಮಾತಿನಲ್ಲಿ ಬರುತ್ತಿತ್ತು. ಮನೆಯಲ್ಲಿ ನನ್ನ ಕಾಲು ಎತ್ತಿಸುವಾಗಲೂ ಹಾಗೆಯೇ ಎಣಿಸುತ್ತಿದ್ದಳು. ಪಕ್ಕದ ಮನೆಯವರು ಅದೇನೋ ಮಂತ್ರವೆಂದು ತಿಳಿದಿದ್ದರು.

ಕೇಂದ್ರದಲ್ಲಿ ನಾಲ್ಕು ಗಂಟೆಗೆ ಚಹಾ. ಆಗ ಅಕ್ಕೋರು ಮಾತಾಡುತ್ತಿದ್ದರು. ಅವರ ಮರಾಠಿ ಸ್ವೀಡನ್ನಿನ ಮರಾಠಿ, ಅವ್ವನದು ವಿಜಾಪುರದ ಮರಾಠಿ, ಇಬ್ಬರಿಗೂ ತಿಳಿಯದೆ ಹೋದಾಗ ಮೇಜಿನ ಮೇಲೆ ಮಲಗಿದ್ದ ನಾನು ನಡುವೆ ಬಾಯಿ ಹಾಕಿ ಹೇಳಬೇಕಾಗುತ್ತಿತ್ತು. ಹಾಗೆ ಅವರ ಮನೆತನದ ಕತೆಯೆಲ್ಲ ನನ್ನ ಬಾಯಿಂದಲೇ ಕನ್ನಡವಾಗಿ ಅವ್ವನಿಗೆ ತಲುಪಿತು.

ಅವರ ದೇಶದಲ್ಲಿ ಒಂದು ಕಾಲಕ್ಕೆ ಹೊಲದಲ್ಲಿ ಕಲ್ಲು ಹೆಚ್ಚು, ಕಾಳು ಕಡಿಮೆ. ಹೊಟ್ಟೆಗಿಲ್ಲದ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮರ ಕಡಿಯಲು ಬರುತ್ತಿದ್ದವರು ಅಲ್ಲಿ ದಿಮ್ಮಿ ಪೇರಿಸಿ ಮನೆ ಕಟ್ಟಿದರು. ನೇಯುವವರು ಮಗ್ಗ ಹೂಡಿದರು, ಕಮ್ಮಾರರು ಕುಲುಮೆ ಹಾಕಿದರು. ಅಕ್ಕೋರ ಅಜ್ಜಿಯ ತಂಗಿಯೊಬ್ಬಳು ರಾಜಧಾನಿಯ ಶಾಲೆಯಲ್ಲಿ ಈ ಅಂಗಮರ್ದನ, ಕಸರತ್ತು ಕಲಿತು ಒಬ್ಬಳೇ ಹಡಗು ಹತ್ತಿದಳು. ಆ ಶಾಲೆಯಲ್ಲಿ ಕಲಿತ ಹೆಂಗಸರು ಆಗ ದೇಶದೇಶಕ್ಕೆ ಹೋಗುತ್ತಿದ್ದರಂತೆ. ಗಂಡನ, ಅಣ್ಣನ ಹಂಗಿಲ್ಲದೆ ಹೊಟ್ಟೆ ಹೊರೆದುಕೊಳ್ಳಬಹುದಾದ ವಿದ್ಯೆ ಅದು. ಅವಳು ಅಮೆರಿಕದಿಂದ ಅಕ್ಕನಿಗೆ ಬರೆದ ಪತ್ರಗಳನ್ನು ಓದಿಯೇ ತನಗೆ ಈ ದಾರಿ ತೋಚಿತು ಎಂದು ಅಕ್ಕೋರು ಹೇಳುತ್ತಿದ್ದರು.

ಒಂದು ಪತ್ರದ ಸಂಗತಿಯನ್ನು ಅವರು ಹೇಳಿದಾಗ ನನಗೆ ಹತ್ತು ವರ್ಷ ಇರಬೇಕು. ಅಮೆರಿಕದಲ್ಲಿ ಆ ಚಿಕ್ಕಜ್ಜಿಯನ್ನು ಒಬ್ಬ ಬಾಣಂತಿಗೆ ಕಾಲು ಒತ್ತಲು ಕರೆದರಂತೆ. ಒಂದು ಕಾಲು ಮಾತ್ರ ಊದಿ ಬಿಗಿದಿತ್ತು, ಮುಟ್ಟಿದರೆ ಬಿಸಿ. ಹೊಸ ಊರು, ಹೊಸ ಹೆಸರು, ಇಲ್ಲ ಎಂದರೆ ಮತ್ತೆ ಕರೆಯುವುದಿಲ್ಲ ಎಂಬ ಹೆದರಿಕೆ. ಒತ್ತಿದಳು. ಬಾಣಂತಿ ಅದೇ ದಿನ ಎದೆ ಹಿಡಿದುಕೊಂಡು ಸತ್ತಳು. ಕಾಲಿನಲ್ಲಿ ಹೆಪ್ಪುಗಟ್ಟಿದ್ದ ರಕ್ತ ಕಿತ್ತುಕೊಂಡು ಮೇಲೆ ಹೋಗಿ ಎದೆಯಲ್ಲಿ ಸಿಕ್ಕಿಕೊಂಡಿತ್ತು. ಎಲ್ಲಿ ಕೈ ಇಡಬೇಕು ಎನ್ನುವುದಕ್ಕಿಂತ ಮೊದಲು ಎಲ್ಲಿ ಇಡಬಾರದು ಎಂದು ಕಲಿಸಬೇಕು ಎಂದು ಅವಳು ಬರೆದಿದ್ದಳಂತೆ.

"ಒಂದs ಕಾಲ ಬಾತಿದ್ರ, ಬಿಸಿ ಇದ್ರ, ಮುಟ್ಟಬಾರದಂತವ್ವ. ಮುಟ್ಟಿದ್ರ ಸಾಯ್ತಾರಂತ" ಎಂದು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಎರಡು ಸಲ ಹೇಳಿಸಿಕೊಂಡಳು.

ನನಗೆ ಹದಿನಾಲ್ಕಾಗುವ ಹೊತ್ತಿಗೆ ಅಕ್ಕೋರ ಕೈಗೆ ನಡುಕ ಬಂತು. ಮೊದಲು ಚಹಾದ ಬಟ್ಟಲು ಗಲಗಲ ಅಂದಿತು, ಆಮೇಲೆ ಕೈಯೇ ಮಾತು ಕೇಳದಾಯಿತು. ಕೇಂದ್ರದ ಮಕ್ಕಳ ಕಾಲನ್ನು ಅವರ ಬದಲು ಅವ್ವ ತಿಕ್ಕತೊಡಗಿದಳು. ಕೊನೆಯ ಒಂದು ವರ್ಷ ಅವ್ವ ದಿನಾ ಹೋಗಿ ಅವರ ಮೈ ತೊಳೆದು, ಕೈಕಾಲು ತಿಕ್ಕಿ ಬರುತ್ತಿದ್ದಳು. ಅವರು ಸತ್ತಾಗ ಅವರ ದೇಶದಿಂದ ಯಾರೂ ಬರಲಿಲ್ಲ. ತಿಂಗಳ ಮೇಲೆ ಒಂದು ಪತ್ರ ಬಂತಂತೆ, ಅಷ್ಟೆ. ಮಣ್ಣಿಗೆ ಹೋದವರು ಹತ್ತು ಹನ್ನೆರಡು ಜನ, ಅದರಲ್ಲಿ ಅರ್ಧ ನನ್ನಂತೆ ಕುಂಟುವವರು.

ಕೇಂದ್ರಕ್ಕೆ ಹೊಸ ವ್ಯವಸ್ಥಾಪಕರು ಬಂದರು. ಅವ್ವನನ್ನು ಕರೆದು ಸರ್ಟಿಫಿಕೇಟು ಕೇಳಿದರು. ಅವಳ ಹತ್ತಿರ ಏನೂ ಇರಲಿಲ್ಲ. ಅವರು ಕೆಟ್ಟವರಲ್ಲ, ಬೇಸರದಿಂದಲೇ ಇನ್ನು ಬರಬೇಡಿ ಎಂದರು. ಅಂದಿನಿಂದ ಅವ್ವ ಬಿಬವೇವಾಡಿಯ ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಕೆಲಸ ಮಾಡಿದಳು. ಪಾರ್ಶ್ವವಾಯು ಹೊಡೆದವರು, ಪ್ಲಾಸ್ಟರು ಬಿಚ್ಚಿಸಿಕೊಂಡವರು, ಕತ್ತು ತಿರುಗದ ಟೈಲರುಗಳು ಬರುತ್ತಿದ್ದರು. ನಾನು ಕಾಲೇಜಿನಿಂದ ಬಂದವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಕೆಲವೊಮ್ಮೆ ಮುದುಕಿಯರ ಕೈಬೆರಳು ಬಿಡಿಸುವ ಸಣ್ಣ ಕೆಲಸವನ್ನು ನನಗೆ ಕೊಡುತ್ತಿದ್ದಳು. ನನ್ನ ಕೈ ಚೆನ್ನಾಗಿದೆ ಎಂದು ಎಲ್ಲರೂ ಅನ್ನುತ್ತಿದ್ದರು. ಕಾಲಿನ ಬಗ್ಗೆ ಬಿಟ್ಟು ನನ್ನ ಬಗ್ಗೆ ಜನ ಆಡಿದ ಮೊದಲ ಮಾತು ಅದು. ಅದು ನನಗೆ ಎಷ್ಟು ಬೇಕಾಗಿತ್ತೆಂದು ಈಗ ಹೇಳಿದರೆ ಯಾರೂ ನಂಬಲಾರರು.

ನಮ್ಮ ಓಣಿಯ ಕೊನೆಯಲ್ಲಿ ಕರಾವಳಿ ಕಡೆಯವರದೊಂದು ಹೋಟೆಲ್ ಇತ್ತು. ಮಾಲೀಕರಿಗೆ ನಲವತ್ತು ದಾಟಿರಲಿಲ್ಲ. ಉಗ್ರಾಣದಲ್ಲಿ ಸ್ಟೂಲಿನಿಂದ ಬಿದ್ದು ಪಾದದ ಗಂಟು ಮುರಿದುಕೊಂಡಿದ್ದರು. ಪ್ಲಾಸ್ಟರು ತೆಗೆದ ಮೇಲೆ ಅವ್ವ ಅವರ ಮನೆಗೇ ಹೋಗಿ ಪಾದ ತಿರುಗಿಸಿ, ಹೆಜ್ಜೆ ಇಡಿಸಿ ಬರುತ್ತಿದ್ದಳು. ಅದು ಗಣಪತಿ ಹಬ್ಬ ಹತ್ತಿರವಾದ ಸಮಯ. ಹೋಟೆಲಿನಲ್ಲಿ ಕೂರಲೂ ಜಾಗ ಇರುತ್ತಿರಲಿಲ್ಲ, ಅವರಿಗೆ ಗಲ್ಲಾಪೆಟ್ಟಿಗೆಗೆ ಮರಳುವ ಅವಸರ.

ಆ ದಿನ ಅವ್ವ ಅಪ್ಪನ ಜೊತೆ ಬೆಳಿಗ್ಗೆಯೇ ದೇಹೂ ರೋಡಿಗೆ ಹೋಗಿದ್ದಳು. ಹಳೆಯ ನೆರೆಯವರ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ರಮ. ನನಗೆ ಹದಿನೆಂಟು. ಹನ್ನೊಂದರ ಹೊತ್ತಿಗೆ ಹೋಟೆಲಿನವರ ಹೆಂಡತಿ ಬಂದರು.

"ಅಮ್ಮ ಇಲ್ವಾ ಮಾರಾಯ್ತಿ?"

"ಇಲ್ರಿ. ಸಂಜಿಗೆ ಬರತಾಳ."

"ಅಯ್ಯೋ. ಇವರಿಗೆ ಕಾಲು ಭಾರೀ ನೋವು. ರಾತ್ರಿಯಿಡೀ ನಿದ್ರೆ ಇಲ್ಲ. ನೀನಾದ್ರೂ ಬಂದು ಸ್ವಲ್ಪ ಒತ್ತಿ ಕೊಡು. ನಿನ್ನ ಕೈ ಒಳ್ಳೇದುಂಟು ಅಂತ ಅಮ್ಮನೇ ಹೇಳ್ತಾರಲ್ಲ."

"ಅವ್ವ ಏನ ಅಂದಾಳ್ರಿ? ನಿನ್ನೆ ಬಂದಿದ್ಲಲ್ಲ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಬಂದಿದ್ರು. ಇವತ್ತು ಒತ್ತುದು ಅಂತ ಹೇಳಿದ್ರು" ಎಂದರು.

ನಾನು ಹೋದೆ. ಮಾಲೀಕರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಮುಖ ಬಾಡಿತ್ತು. ಮಗ ಬಾಲವಾಡಿಗೆ ಹೋಗಿದ್ದ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಂಚೆ ಸರಿಸಿದರು. ಆ ಕಾಲಿನ ಪಿಂಡರಿ ಇನ್ನೊಂದಕ್ಕಿಂತ ದಪ್ಪಗಿತ್ತು, ಚರ್ಮ ಮಿಂಚುತ್ತಿತ್ತು. ಕೈ ಇಟ್ಟೆ. ಬಿಸಿ ಇತ್ತು.

ಇಲ್ಲಿ ನಾನು ಸುಳ್ಳು ಹೇಳಬಾರದು. ಮಂಚದ ಪಕ್ಕದಲ್ಲಿ ಬಿಸಿನೀರಿನ ರಬ್ಬರು ಚೀಲ ಇತ್ತು. ಈಗಷ್ಟೇ ಶಾಖ ಕೊಟ್ಟೆ ಎಂದು ಆ ಹೆಂಗಸು ಹೇಳಿದರು. ಹಾಗಾದರೆ ಅದರ ಬಿಸಿಯೇ ಇರಬೇಕು ಎಂದು ನಾನು ಮನಸ್ಸಿಗೆ ಹೇಳಿಕೊಂಡೆ. ಆದರೆ ಅಮೆರಿಕದ ಬಾಣಂತಿಯ ಕತೆ ನನಗೆ ನೆನಪಾಯಿತು. ಅದನ್ನು ಕನ್ನಡ ಮಾಡಿ ಹೇಳಿದವಳೇ ನಾನು. ನೆನಪಾದ ಮೇಲೂ ಕೈ ತೆಗೆಯಲಿಲ್ಲ. ನನ್ನನ್ನು ನನ್ನ ಕೈಗಾಗಿಯೇ ಒಬ್ಬರು ಮನೆಗೆ ಕರೆದಿದ್ದರು, ಮುರಿದ ಕಾಲಿನ ದೊಡ್ಡ ಮನುಷ್ಯ ಕುಂಟಿಯಾದ ನನ್ನ ಮುಂದೆ ಕಾಲು ಚಾಚಿ ಕೂತಿದ್ದರು. ನನಗೆ ಗೊತ್ತಾಗುವುದಿಲ್ಲ ಎಂದು ಹೇಳಿ ಎದ್ದು ಬರಲು ನನ್ನಿಂದ ಆಗಲಿಲ್ಲ.

ಕೆಳಗಿನಿಂದ ಮೇಲಕ್ಕೆ ಸವರಿದೆ, ನಾದಿದೆ. ಹತ್ತು ನಿಮಿಷ ಆಗಿರಬಹುದು. "ಈಗ ಹಗುರ ಆಯ್ತು ತಂಗಿ" ಎಂದರು ಅವರು. ಬಚ್ಚಲಿಗೆ ಹೋಗಬೇಕೆಂದು ಎದ್ದು ನಿಂತರು. ಎರಡು ಹೆಜ್ಜೆ ಇಟ್ಟು ಬಾಗಿಲ ಚೌಕಟ್ಟು ಹಿಡಿದರು. ಕೆಮ್ಮಿದರು. "ಎಂತದೋ ಆಗ್ತದೆ, ನೀರು ಕೊಡು" ಎಂದು ಹೆಂಡತಿಗೆ ಹೇಳಿದರು. ಅವರು ನೀರು ತರುವಷ್ಟರಲ್ಲಿ ಚೌಕಟ್ಟು ಹಿಡಿದಂತೆಯೇ ಕೆಳಗೆ ಜಾರಿದರು. ತುಟಿ ನೀಲಿಯಾಗಿತ್ತು. ನಾನು ಓಡಬೇಕೆಂದರೆ ನನಗೆ ಓಡಲು ಬರುವುದಿಲ್ಲ; ಬಾಗಿಲಲ್ಲಿ ನಿಂತು ಕೂಗಿದೆ. ಹೋಟೆಲಿನ ಕೆಲಸದವರು ಬಂದು ರಿಕ್ಷಾದಲ್ಲಿ ಹಾಕಿಕೊಂಡು ಹೋದರು. ದವಾಖಾನೆಯ ಬಾಗಿಲಲ್ಲೇ ಮುಗಿದಿದೆ ಎಂದರಂತೆ.

ಸಂಜೆ ಅವ್ವ ಬಂದಾಗ ಓಣಿಯವರು ಆಗಲೇ ಸುದ್ದಿ ಹೇಳಿದ್ದರು. ಅವಳು ಕೈಯಲ್ಲಿದ್ದ ಚೀಲ ಇಳಿಸದೆ ನನ್ನ ಮುಂದೆ ನಿಂತಳು.

"ಒತ್ತಿದೇನ?"

"ಹೂಂ."

"ಕಾಲ ಬಿಸಿ ಇತ್ತೇನ?"

"ಇತ್ತವ್ವ."

ಅವಳು ಗೋಡೆಗೆ ಒರಗಿ ನೆಲಕ್ಕೆ ಕೂತಳು. "ನಿನ್ನೆ ನಾ ದಾರಾ ಹಿಡದ ಎರಡೂ ಕಾಲ ಅಳದೀನಿ. ಆ ಕಾಲ ಎರಡ ಬೆರಳ ದಪ್ಪ ಇತ್ತು. ಕೈ ಹಚ್ಚಂಗಿಲ್ಲ, ಈಗಿಂದೀಗ ದವಾಖಾನಿಗೆ ಕರಕೊಂಡ ಹೋಗ್ರಿ ಅಂತ ಹೇಳೀನಿ. ಹಬ್ಬ ಮುಗೀಲಿ ಅಂದ್ರು ಅವ್ರು." ಆಮೇಲೆ, "ನಾ ನಿನಗ ಹೇಳಿ ಹೋಗಬೇಕಿತ್ತು. ಹೇಳಲಿಲ್ಲ" ಎಂದಳು.

ಅವಳು ಬೈದಿದ್ದರೆ ನನಗೆ ಅಳು ಬರುತ್ತಿತ್ತು. ಬೈಯಲಿಲ್ಲ.

ಮರುದಿನ ಮಧ್ಯಾಹ್ನ ತೀರಿಕೊಂಡವರ ಅಣ್ಣ ಇಬ್ಬರನ್ನು ಕರೆದುಕೊಂಡು ಬಂದರು. ಊರಿನಿಂದ ಬೆಳಿಗ್ಗೆ ಬಸ್ಸು ಇಳಿದವರು, ಕಣ್ಣು ಕೆಂಪಗಿತ್ತು. ಬಾಗಿಲಲ್ಲೇ ನಿಂತು ಕೂಗಿದರು. "ಯಾರು ಒತ್ತಿದ್ದು ನನ್ನ ತಮ್ಮನ ಕಾಲು? ಮಸಾಜು ಮಾಡಿಸ್ಲೇಬಾರ್ದಿತ್ತು ಅಂತ ಡಾಕ್ಟ್ರು ಹೇಳ್ತಾರೆ. ಈ ಮನೆಯವರೇ ಅಲ್ವಾ? ಯಾರು, ಹೇಳಿ!"

ನಾನು ಒಳಗಿನ ಕೋಣೆಯ ಬಾಗಿಲಲ್ಲಿದ್ದೆ. ಅವ್ವ ಮುಂದೆ ಬಂದಳು.

"ನಾನs ಒತ್ತೀನ್ರಿ" ಎಂದಳು.

ಅಪ್ಪ ಅಲ್ಲೇ ಕುರ್ಚಿಯಲ್ಲಿದ್ದರು. ಹಿಂದಿನ ದಿನ ಇಡೀ ಅವಳು ತಮ್ಮ ಜೊತೆ ದೇಹೂ ರೋಡಿನಲ್ಲಿದ್ದಳೆಂದು ಅವರಿಗೆ ಗೊತ್ತು. ಅವರು ತಲೆ ಎತ್ತಲಿಲ್ಲ. ಆ ಅಣ್ಣ ಅವ್ವನಿಗೆ ಆಡಿದ ಮಾತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಓಣಿಯವರೆಲ್ಲ ಕೇಳಿಸಿಕೊಂಡರು; ಅವಳು ಬೆಳಿಗ್ಗೆ ಊರಿಗೆ ಹೊರಡುವ ಮೊದಲೇ ಒತ್ತಿ ಹೋಗಿರಬೇಕೆಂದು ತಿಳಿದರು. ಓದು ಬರಹ ಬಾರದ ಹೆಂಗಸು ಡಾಕ್ಟರಿಕೆ ಮಾಡಲು ಹೋಗಿ ಒಬ್ಬನನ್ನು ಕೊಂದಳು ಎಂಬುದೇ ಓಣಿಯ ಮಾತಾಯಿತು. ನಾನು ಬಾಗಿಲು ಹಿಡಿದು ನಿಂತೇ ಇದ್ದೆ. ನಾನು ಎಂದು ಹೇಳಲು ಬಾಯಿ ತೆರೆದೆ ಎಂದು ಹಲವು ವರ್ಷ ನಂಬಿದ್ದೆ. ಈಗ ಯೋಚಿಸಿದರೆ ತೆರೆದಿರಲಿಲ್ಲ ಅನಿಸುತ್ತದೆ.

ಪೊಲೀಸರವರೆಗೆ ಹೋಗಲಿಲ್ಲ. ಒತ್ತದಿದ್ದರೂ ಹೀಗಾಗಬಹುದಿತ್ತು, ಎದ್ದು ನಡೆದದ್ದೇ ಕಾರಣ ಆಗಿರಬಹುದು ಎಂದು ಇನ್ನೊಬ್ಬ ಡಾಕ್ಟರು ಹೇಳಿದರಂತೆ. ಯಾವುದು ನಿಜವೆಂದು ಹೇಳಬಲ್ಲವರು ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಮ್ಮ ಮನೆಗೆ ಯಾರೂ ಬರುವುದು ನಿಂತಿತು. ಪಾರ್ಶ್ವವಾಯುವಿನ ಒಬ್ಬ ಅಜ್ಜಿ ಮಾತ್ರ ಒಂದು ವಾರ ಬಿಟ್ಟು ಸೊಸೆಯ ಕೈ ಹಿಡಿದು ಬಂದರು. ಅವ್ವ ಅವರನ್ನು ಕೂರಿಸಿ ಚಹಾ ಕೊಟ್ಟಳು, "ನನ್ನ ಕೈಲೆ ಇನ್ನ ಆಗೂದಿಲ್ರಿ ಆಯಿ" ಎಂದು ಕಳಿಸಿಬಿಟ್ಟಳು.

ನನ್ನ ಕಾಲನ್ನೂ ಅವಳು ಮತ್ತೆ ಮುಟ್ಟಲಿಲ್ಲ. ಹದಿನಾರು ವರ್ಷ ದಿನ ಬೆಳಗಾದರೆ ಅವಳ ಕೈಯಲ್ಲಿದ್ದ ಕಾಲು ಅದು. ಒಂದು ಬೆಳಿಗ್ಗೆ ಚಾಪೆ ಹಾಸಿಕೊಂಡು ಮಲಗಿ ಕಾದೆ. ಅವಳು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಮರುದಿನವೂ ಕಾದೆ. ಆಮೇಲೆ ಚಾಪೆ ಹಾಸುವುದನ್ನು ಬಿಟ್ಟೆ. ನಾನೇ ಮಾಡಿಕೊಳ್ಳಬಹುದಿತ್ತು, ಎಲ್ಲ ಗೊತ್ತಿತ್ತು; ಮಾಡಿಕೊಳ್ಳಲಿಲ್ಲ. ಮೊಣಕಾಲು ವರ್ಷದಿಂದ ವರ್ಷಕ್ಕೆ ಬಾಗಿತು. ಮೂವತ್ತಕ್ಕೆ ಬಗಲುಗೋಲು ಬಂತು. ಸರಕಾರಿ ಕಚೇರಿಯೊಂದರಲ್ಲಿ ಅಂಗವಿಕಲರ ಮೀಸಲಾತಿಯಲ್ಲಿ ನನಗೆ ಕೆಲಸ ಸಿಕ್ಕಿತು. ಮದುವೆಯಾಗಲಿಲ್ಲ. ಅಪ್ಪ ಹೋದ ಮೇಲೆ ನಾನು, ಅವ್ವ ಇಬ್ಬರೇ ಉಳಿದೆವು. ನಾವು ಹಗೆಯವರಂತೆ ಇರಲಿಲ್ಲ. ಕೂಡಿ ಉಂಡೆವು, ಕೂಡಿ ಟಿವಿ ನೋಡಿದೆವು, ಹೆಸರುಬೇಳೆ ತರಬೇಕೋ ತೊಗರಿಬೇಳೆಯೋ ಎಂದು ಜಗಳವಾಡಿದೆವು. ಆ ಒಂದು ಮಾತು ಮಾತ್ರ ಮನೆಯಲ್ಲಿ ಎಂದೂ ಏಳಲಿಲ್ಲ.

ಮೂರು ವರ್ಷದ ಹಿಂದೆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಒಂದೊಂದೇ ಶಬ್ದಕ್ಕೆ ಬಂತು. ದವಾಖಾನೆಯಿಂದ ಮನೆಗೆ ತಂದ ಮೇಲೆ ವಾರಕ್ಕೆ ಎರಡು ಸಲ ಒಬ್ಬ ಫಿಸಿಯೋಥೆರಪಿ ಹುಡುಗಿ ಬರುತ್ತಿದ್ದಳು. ಒಳ್ಳೆಯ ಹುಡುಗಿ, ಕೆಲಸ ಗೊತ್ತಿದ್ದವಳು. ಅವಳು ಅವ್ವನ ಬೆರಳು ಬಿಡಿಸುವುದನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಅದೇ ಸವರುವುದು, ಹೆಬ್ಬೆರಳನ್ನು ಮೊದಲು ಹೊರಗೆ ತೆಗೆಯುವುದು. ಯಾರಿಂದ ಯಾರಿಗೆ ಬಂತೋ, ಅವಳಿಗೆ ಗೊತ್ತಿರಲಿಲ್ಲ.

"ಮಾವಶಿ, ನಾ ಬರೋದು ವಾರಕ್ಕ ಎರಡ ದಿನ. ದಿನಾ ನೀವ ಮಾಡಬೇಕಾಗ್ತದ" ಎಂದಳು. ಅವಳೂ ಸೋಲಾಪುರದ ಕಡೆಯ ಕನ್ನಡದವಳೇ. "ಸೊಲ್ಪ ಸೊಲ್ಪ. ಇಲ್ಲಾಂದ್ರ ಕೈ ಮುಚ್ಚಿಕೊಂಡ ಹಂಗs ಸೆಟೀತದ."

ಹೂಂ ಎಂದೆ. ಅವಳು ಹೋದ ಮೇಲೆ ಅವ್ವನ ಪಕ್ಕದಲ್ಲಿ ಕೂತೆ. ಕೈ ಚಾಚಿದೆ. ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಂಡೆ. ಆಗಲಿಲ್ಲ. ನಾಳೆ ಎಂದುಕೊಂಡೆ. ಹೀಗೆ ಒಂದೂವರೆ ತಿಂಗಳು ಕಳೆಯಿತು. ಆ ಹುಡುಗಿ ಪ್ರತಿ ಸಲ ಕೇಳಿದಾಗಲೂ ಮಾಡುತ್ತಿದ್ದೇನೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲವೆಂದು ಅವಳ ಮುಖದಲ್ಲೇ ಇತ್ತು. ಅವ್ವ ಮಲಗಿದಲ್ಲಿಂದ ನನ್ನನ್ನು ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳೇ ತನ್ನ ಎಡಗೈಯಿಂದ ಬಲಗೈಯನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು. "ಬಿಸಿ ಇಲ್ಲ" ಎಂದಳು. ತಡವರಿಸುತ್ತ, ಎರಡು ಸಲ. "ಬಿಸಿ... ಇಲ್ಲ."

ಮೂವತ್ತೇಳು ವರ್ಷದಲ್ಲಿ ಅವಳು ಆ ವಿಷಯಕ್ಕೆ ಹತ್ತಿರ ಬಂದದ್ದು ಅದೊಂದೇ ಸಲ. ನಾನು ಅವಳ ಕೈ ಹಿಡಿದೆ. ಅದು ತಣ್ಣಗೇ ಇತ್ತು. ಮಣಿಕಟ್ಟಿನಿಂದ ಸವರಿದೆ, ಹೆಬ್ಬೆರಳು ತೆಗೆದೆ. ಅಂದಿನಿಂದ ಎರಡು ಹೊತ್ತು ಮಾಡಿದೆ, ಒಂದು ದಿನ ಬಿಡಲಿಲ್ಲ. ಆದರೆ ಕೈ ಆಗಲೇ ಸೆಟೆದುಹೋಗಿತ್ತು. ಮೊದಲ ವಾರದಿಂದ ಮಾಡಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಆ ಹುಡುಗಿ ಮೆಲ್ಲಗೆ ಹೇಳಿದಳು. ಅವ್ವನ ಉಗುರು ಅಂಗೈಗೆ ಚುಚ್ಚದಂತೆ ಮುಷ್ಟಿಯೊಳಗೆ ಹತ್ತಿ ಇಡಬೇಕಾಯಿತು. ಕಳೆದ ವರ್ಷ ನ್ಯುಮೋನಿಯಾ ಆಗಿ ಹೋದಳು. ಸ್ನಾನ ಮಾಡಿಸುವಾಗಲೂ ಆ ಮುಷ್ಟಿ ಬಿಚ್ಚಲು ನಮ್ಮಿಂದ ಆಗಲಿಲ್ಲ.

ದಿನವಾರ ಮುಗಿದ ಮೇಲೆ ನಾನು ಹೋಟೆಲಿನವರ ಹೆಂಡತಿಯನ್ನು ಹುಡುಕಿದೆ. ಬಿಬವೇವಾಡಿಯ ಹೋಟೆಲ್ ಬಿಟ್ಟು ಎಷ್ಟೋ ವರ್ಷವಾಗಿತ್ತು; ಮಗ ಕೊಂಢವಾದಲ್ಲಿ ಕೇಟರಿಂಗ್ ಮಾಡುತ್ತಾನೆ, ತಾಯಿ ಅವನ ಜೊತೆ ಇದ್ದಾರೆ ಎಂದು ತರಕಾರಿ ಅಂಗಡಿಯವರು ಹೇಳಿದರು. ಒಂದು ಭಾನುವಾರ ಹೋದೆ. ಸುತ್ತ ಕಟ್ಟಡ ಏಳುತ್ತಿತ್ತು, ಸಿಮೆಂಟಿನ ಧೂಳಿನಲ್ಲಿ ಬಗಲುಗೋಲು ಜಾರುತ್ತಿತ್ತು. ಅವರು ಬಾಗಿಲು ತೆರೆದು ನನ್ನ ಕಾಲು ನೋಡಿಯೇ ಗುರುತು ಹಿಡಿದರು.

"ಅಮ್ಮ ಹೋದರಂತೆ" ಎಂದರು, ಕೂರಿಸುತ್ತ.

"ಹೌದ್ರಿ." ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಅವತ್ತ ಕಾಲ ಬಿಸಿ ಇತ್ರಿ. ನನಗ ಗೊತ್ತಾಗಿತ್ತು. ಗೊತ್ತಾಗಿನೂ ಒತ್ತಿದ್ನಿ. ಅದನ್ನ ಹೇಳಾಕ ಬಂದೀನಿ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು. "ನಾನೂ ಸುಳ್ಳು ಹೇಳಿದ್ದೆ ನಿನ್ನ ಹತ್ರ. ನಿನ್ನಮ್ಮ ಒತ್ತುದು ಅಂತ ಹೇಳಿರ್ಲಿಲ್ಲ. ಆಸ್ಪತ್ರೆಗೆ ಹೋಗಿ ಅಂತ ಕೈ ಮುಗಿದು ಹೇಳಿದ್ರು. ಇವರು ಕೇಳ್ಲಿಲ್ಲ. ನೋವು ನೋಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

"ಹಂಗಾರ ನಿಮ್ಮ ಭಾವನವರ ಮುಂದ ಯಾಕ್ರಿ ಹೇಳಲಿಲ್ಲ?"

"ಹೇಳಿದ್ರೆ ಗಂಡನನ್ನು ಕೊಂದವಳು ನಾನಾಗ್ತಿದ್ದೆ." ಅವರು ನನ್ನನ್ನು ನೋಡಲಿಲ್ಲ. "ಹದಿಮೂರನೇ ದಿನ ನಿನ್ನಮ್ಮ ಹಿಂದಿನ ಬಾಗಿಲಿಗೆ ಬಂದಿದ್ರು. ನನ್ನ ಮಗಳ ಹೆಸರು ತೆಗಿಬೇಡಿ, ನಾನು ನಿಮ್ಮ ಹೆಸರು ತೆಗಿಯುದಿಲ್ಲ ಅಂದ್ರು. ಮತ್ತೆ ಈ ಕಡೆ ಬರ್ಲೇ ಇಲ್ಲ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಗ ಒಳಗೆ ಬಂದ. ಈಗ ಅವನಿಗೆ ಅಪ್ಪನಿಗಿಂತ ಹೆಚ್ಚು ವಯಸ್ಸಾಗಿದೆ, ಮುಖ ಮಾತ್ರ ಅದೇ. ಇವರು ಯಾರು ಎಂಬಂತೆ ತಾಯಿಯನ್ನು ನೋಡಿದ.

"ಬಿಬವೇವಾಡಿಯಲ್ಲಿ ಕಾಲು ಒತ್ತುವ ಅಮ್ಮ ಇದ್ದರಲ್ಲ, ಅವರ ಮಗಳು" ಎಂದರು ತಾಯಿ.

ಅವನ ಮುಖ ಬಿಗಿಯಿತು. ತಂದೆಯನ್ನು ಕೊಂದವಳು ಯಾರೆಂದು ಅವನಿಗೆ ಬುದ್ಧಿ ಬಂದಾಗಿನಿಂದ ಹೇಳಿ ಬೆಳೆಸಿದ್ದರು. ನಾನು ತಾಯಿಯ ಕಡೆ ನೋಡಿದೆ. ಅವರು ತಲೆ ತಗ್ಗಿಸಿದ್ದರು. ಈ ಸಲ ನಾನೇ ಬಾಯಿ ತೆರೆದೆ.

"ಒತ್ತಿದ್ದು ನಮ್ಮವ್ವ ಅಲ್ರಿ. ನಾನು. ಅವ್ವ ಅವತ್ತ ಊರಾಗs ಇರಲಿಲ್ಲ."

"ಇಷ್ಟು ವರ್ಷ ಆದ ಮೇಲೆ ಯಾಕೆ ಹೇಳ್ತೀರಿ?" ಎಂದ. ಉತ್ತರಕ್ಕೆ ಕಾಯದೆ ಒಳಗೆ ಹೋದ. ಒಳಗಿನಿಂದ ನಲ್ಲಿಯ ನೀರು ಬಿಟ್ಟ ಸದ್ದು ಕೇಳಿಸಿತು. ನಾನು ಗೋಡೆ ಹಿಡಿದು ಎದ್ದೆ. ತಾಯಿ ಲಿಫ್ಟಿನವರೆಗೂ ಬರಲಿಲ್ಲ. ಮಾತಾಡುವಾಗ ನನ್ನ ಫೋನ್ ನಂಬರನ್ನು ಅವರ ಮೇಜಿನ ಮೇಲಿದ್ದ ಪತ್ರಿಕೆಯ ಅಂಚಿಗೆ ಬರೆದಿಟ್ಟಿದ್ದೆ, ಅದೂ ಯಾಕೆಂದು ಗೊತ್ತಿಲ್ಲ.

ಹಗುರವಾಯಿತೇ ಎಂದು ಕೇಳಿದರೆ ಇಲ್ಲ. ಒಂದು ವಾರ ನನಗೆ ಊಟ ಸೇರಲಿಲ್ಲ.

ಹದಿನೈದು ದಿನದ ಮೇಲೆ, ಕಚೇರಿಯಲ್ಲಿ ಊಟದ ವಿರಾಮದಲ್ಲಿ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಅವನೇ. ಹೆಸರು ಹೇಳಲಿಲ್ಲ.

"ನಿಮ್ಮ ತಾಯಿ ಹಿಂದಿನ ದಿನವೇ ಬೇಡ ಅಂದಿದ್ರಂತೆ. ಆಸ್ಪತ್ರೆಗೆ ಹೋಗಿ ಅಂದಿದ್ರಂತೆ. ಹೌದಾ?"

"ಹೌದ್ರಿ. ದಾರಾ ಹಿಡದ ಅಳದ ಹೇಳಿದ್ಲು."

"ಅಮ್ಮ ನಿನ್ನೆ ಹೇಳಿದ್ರು" ಎಂದ. ಹಿಂದೆ ಪಾತ್ರೆಗಳ ಸದ್ದು, ಯಾರೋ ಅವನನ್ನು ಮರಾಠಿಯಲ್ಲಿ ಕೂಗಿದರು. "ಆಯ್ತು" ಎಂದು ಫೋನ್ ಇಟ್ಟ.